ಗ್ಯಾರೇಜ್ ಕಟ್ಟೆ: ಸಿಗ್ನಲ್‌ನಲ್ಲಿ ಇಳಿಯುವ ಪೆಡಲ್

ಬೇಸಿಗೆಯಲ್ಲಿ ಎಲ್ಲರದೂ ಎಸಿ ಪ್ರಶ್ನೆ. ನಾಲ್ಕು ಮಳೆ ಬಿದ್ದರೆ ಸಾಕು, ಬ್ರೇಕಿನ ಪತ್ರಗಳು ಶುರು. ಈ ಸಲ ಬಂದಿರುವುದರಲ್ಲಿ ಜಾಸ್ತಿ ಪತ್ರ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಸಣ್ಣ ಕಾರುಗಳದು. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಗಳು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಜೋರಾಗಿ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ನಮ್ಮ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ ಆಗಿದ್ದೇ 2019ರ ಏಪ್ರಿಲ್‌ನಲ್ಲಿ ಅಲ್ವಾ? ಮಂಡ್ಯದ ನನ್ನ ಗ್ಯಾರೇಜಿಗೆ ಬರುವುದೂ ಅದಕ್ಕಿಂತ ಹಳೆಯ ಗಾಡಿಗಳೇ. ಕೈ ಮಸಿ ಒರೆಸಿಕೊಂಡು ನೇರ ಪತ್ರಕ್ಕೆ ಬರುತ್ತೇನೆ.

ಪ್ರಶ್ನೆ: ಐದು ತಿಂಗಳ ಹಿಂದೆ 2014ರ ಸಣ್ಣ ಕಾರೊಂದನ್ನು ತಗೊಂಡೆವು. 68,000 ಕಿಲೋಮೀಟರ್ ಓಡಿತ್ತು. ಹೋದ ತಿಂಗಳು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದರು. ಅದಾದ ವಾರಕ್ಕೆ ಹೊಸ ತೊಂದರೆ. ರಾಮಸ್ವಾಮಿ ವೃತ್ತದ ಸಿಗ್ನಲ್‌ನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ನಿಂತಿದ್ದರೆ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತದೆ. ಬಿಟ್ಟು ಮತ್ತೆ ಒತ್ತಿದರೆ ಸರಿ. ಜೋರಾಗಿ ಒತ್ತಿದರೆ ಗಾಡಿ ಚೆನ್ನಾಗಿಯೇ ನಿಲ್ಲುತ್ತದೆ. ನೆಲದ ಮೇಲೆ ಒಂದು ಹನಿ ಸೋರಿಲ್ಲ. ಗ್ಯಾರೇಜಿನವರು ಪ್ಯಾಡ್ ಹೊಸದು ಹಾಕಿದರು, ಹೋಗಲಿಲ್ಲ. ನಮ್ಮ ಯಜಮಾನರು ‘ಹಳೇ ಗಾಡಿ ಅಂದ್ರೆ ಹಂಗೇನೆ’ ಅಂತಾರೆ. ನಿಜವೇ?
– ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ಮೇಡಂ, ಯಜಮಾನರಿಗೆ ನನ್ನ ನಮಸ್ಕಾರ ಹೇಳಿ. ಆಮೇಲೆ ಗಾಡಿ ರಿಪೇರಿ ಆಗುವ ತನಕ ಕೀಲಿ ಬೀರುವಿನಲ್ಲಿ ಇಡಿ. ಹಳೇ ಗಾಡಿಯ ಬಾಗಿಲು ಕಿರ್ ಅನ್ನಬಹುದು, ಹಾರನ್ ಗಂಟಲು ಕಟ್ಟಿರಬಹುದು. ಪೆಡಲ್ ಇಳಿಯಕೂಡದು.

ಇದು ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡಿನ ತಪ್ಪಲ್ಲ. ಮಾಸ್ಟರ್ ಸಿಲಿಂಡರಿನದು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಹಾಕುವ ಬಿಳಿ ಡಬ್ಬಿ ಕಾಣುತ್ತದೆ. ಅದರ ಅಡಿಯಲ್ಲಿರುವ ಕೊಳವೆಯೇ ಮಾಸ್ಟರ್ ಸಿಲಿಂಡರ್. ಒಳಗೆ ಒಂದರ ಹಿಂದೆ ಒಂದು ಎರಡು ಪಿಸ್ಟನ್, ಅವಕ್ಕೆ ರಬ್ಬರ್ ಸೀಲ್. ನೀವು ಪೆಡಲ್ ಒತ್ತಿದಾಗ ಈ ರಬ್ಬರ್ ಗೋಡೆಗೆ ಬಿಗಿಯಾಗಿ ಅಂಟಿಕೊಂಡು ಆಯಿಲನ್ನು ಮುಂದಕ್ಕೆ ತಳ್ಳಬೇಕು. ರಬ್ಬರ್ ಸವೆದಿದ್ದರೆ ಆಯಿಲ್ ಪಕ್ಕದಿಂದ ನುಸುಳಿ ಹಿಂದಕ್ಕೆ ಬರುತ್ತದೆ. ಎಲ್ಲ ಒಳಗೊಳಗೇ, ಹೊರಗೆ ಹನಿ ಬೀಳುವುದಿಲ್ಲ. ಹಳೇ ಸೈಕಲ್ ಪಂಪಿನ ವಾಷರ್ ಹೋದಾಗ ಎಷ್ಟು ಒತ್ತಿದರೂ ಗಾಳಿ ಹಿಂದಕ್ಕೇ ಬರುತ್ತಿತ್ತಲ್ಲ, ಅದೇ ಕಥೆ. ಜೋರಾಗಿ ಒತ್ತಿದಾಗ ರಬ್ಬರ್ ಹರಡಿಕೊಂಡು ಗೋಡೆ ಹಿಡಿಯುತ್ತದೆ, ಗಾಡಿ ನಿಲ್ಲುತ್ತದೆ. ಮೆಲ್ಲಗೆ ಒತ್ತಿದಾಗ ಹಿಡಿಯುವುದಿಲ್ಲ. ಸಿಗ್ನಲ್‌ನಲ್ಲಿ ಮಾತ್ರ ನಿಮಗೆ ಗೊತ್ತಾಗುತ್ತಿರುವುದು ಅದಕ್ಕೇ.

ಆಯಿಲ್ ಬದಲಿಸಿದ ವಾರಕ್ಕೆ ಶುರುವಾಯಿತು ಅಂದಿದ್ದೀರಿ. ಪತ್ರದಲ್ಲಿ ನಾನು ಎರಡು ಸಲ ಓದಿದ್ದು ಆ ಸಾಲನ್ನೇ. ಯಾಕೆಂದರೆ ಈ ಪಾಪವನ್ನು ನಾನೂ ಮಾಡಿದ್ದೇನೆ. ಆಯಿಲ್ ಬದಲಿಸಿದ ಮೇಲೆ ಏರ್, ಅಂದರೆ ಪೈಪಿನಲ್ಲಿ ಸೇರಿಕೊಂಡ ಗಾಳಿ, ತೆಗೆಯಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತುತ್ತಾನೆ, ಇನ್ನೊಬ್ಬ ಚಕ್ರದ ಹತ್ತಿರ ಆ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸುತ್ತಾನೆ. ಸಡಿಲಿಸಿದ ಕೂಡಲೇ ಪೆಡಲ್ ದಡ್ ಅಂತ ನೆಲಕ್ಕೆ ಹೋಗುತ್ತದೆ. ದಿನಾ ಓಡಿಸುವಾಗ ಪೆಡಲ್ ಅಷ್ಟು ಕೆಳಗೆ ಹೋಗುವುದೇ ಇಲ್ಲ. ಹಾಗಾಗಿ ಸಿಲಿಂಡರಿನ ಕೊನೆಯ ಭಾಗದಲ್ಲಿ ಹತ್ತು ವರ್ಷದ ತುಕ್ಕು, ಗಸಿ ಕೂತಿರುತ್ತದೆ. ರಬ್ಬರ್ ಮೊದಲ ಸಲ ಆ ಜಾಗಕ್ಕೆ ಹೋಗಿ ಉಜ್ಜಿಕೊಂಡು ಬಂದರೆ ಹರಿಯುತ್ತದೆ.

2009ರಲ್ಲಿ ನಿವೃತ್ತ ಪೋಸ್ಟ್ ಮಾಸ್ಟರ್ ಒಬ್ಬರ ಕಾರಿಗೆ ನಾನು ಹೀಗೇ ಏರ್ ತೆಗೆದೆ. ಸಾಯಂಕಾಲದ ಹೊತ್ತಿಗೆ ಅವರು ಗುತ್ತಲು ರಸ್ತೆಯಿಂದ ನಡೆದುಕೊಂಡೇ ವಾಪಸ್ ಬಂದರು. ಬೈಯಲಿಲ್ಲ. ‘ಬೆಳಿಗ್ಗೆ ನಿಲ್ತಿದ್ದ ಗಾಡೀನ ಏನ್ ಮಾಡಿದ್ರಿ?’ ಅಂತ ಮಾತ್ರ ಕೇಳಿದರು. ಬೈದಿದ್ದರೇ ವಾಸಿಯಿತ್ತು. ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಒಂದು ಮರದ ತುಂಡು ಇದೆ. ಏರ್ ತೆಗೆಯುವ ಮುಂಚೆ ಅದನ್ನು ಪೆಡಲ್ ಕೆಳಗೆ ಇಡುತ್ತೇವೆ. ಪೆಡಲ್ ಮುಕ್ಕಾಲು ದಾರಿಗೆ ನಿಂತುಬಿಡುತ್ತದೆ. ಖರ್ಚು ಸೊನ್ನೆ. ಹುಡುಗರು ಅದನ್ನು ‘ಪೋಸ್ಟ್ ಮಾಸ್ಟರ್’ ಅಂತಲೇ ಕರೆಯುತ್ತಾರೆ.

ಹಾಗಂತ ಆಯಿಲ್ ಬದಲಿಸಿದ್ದು ತಪ್ಪಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ, ಮಳೆಗಾಲದ ಬೆಲ್ಲದ ಹಾಗೆ. ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಆ ಲೆಕ್ಕ 230 ಮತ್ತು 155. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ. ಆವಿಯನ್ನು ಎಷ್ಟು ಒತ್ತಿದರೂ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿದೆಯೋ ಅದನ್ನೇ ಹಾಕಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಸ್ಟೀರಿಯೋ ಹಾಕಿ ಹಾಡು ಕೇಳುತ್ತಾರೆ, ಈ ಮುಚ್ಚಳ ಬಿಚ್ಚಿ ನೋಡುವುದಿಲ್ಲ. ಒಳಗೆ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಣ್ಣ ಕಂಡರೆ ಆ ಗಾಡಿಯ ಬ್ರೇಕನ್ನು ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ ಅಂತ ಅರ್ಥ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಮನೆ ಮುಂದೆ ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್ ಹಾಕಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಇಂಜಿನ್ ಓಡುತ್ತಿರಲಿ. ಸಿಗ್ನಲ್‌ನಲ್ಲಿ ಇಡುವಷ್ಟೇ ಹಗುರಾಗಿ ಕಾಲಿಡಿ. ಮನಸ್ಸಿನಲ್ಲಿ ಮೂವತ್ತು ಎಣಿಸಿ. ಪೆಡಲ್ ನಿಂತಲ್ಲೇ ನಿಂತರೆ ನಾನು ಸೋತೆ. ಇಳಿಯುತ್ತಾ ಹೋದರೆ, ಡಬ್ಬಿಯಲ್ಲಿ ಆಯಿಲ್ ಮಟ್ಟವೂ ಹಾಗೇ ಇದ್ದರೆ, ಮಾಸ್ಟರ್ ಸಿಲಿಂಡರ್ ಹೋಗಿದೆ. ಮಟ್ಟ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಅದು ಕಣ್ಣಿಗೆ ಕಾಣುತ್ತಿಲ್ಲ ಅಷ್ಟೇ. ಹಿಂದಿನ ಡ್ರಮ್ ಬಿಚ್ಚಿಸಿ, ಒಳಗೆ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ನೋಡಿಸಿ. ಮಾಸ್ಟರ್ ಸಿಲಿಂಡರ್ ಬೂಸ್ಟರಿಗೆ (ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಡಬ್ಬಿ) ಸೇರುವ ಜಾಗದಲ್ಲಿ ಪೇಂಟ್ ಎದ್ದಿದೆಯಾ ಅಂತಲೂ ನೋಡಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಅದೇ ಗುರುತು.

ರಬ್ಬರ್ ಕಿಟ್, ಅಂದರೆ ಒಳಗಿನ ಸೀಲ್ ಮಾತ್ರ ಹೊಸದು, ಹಾಕಿದರೆ ಸಾಕು ಅನ್ನುವವರಿದ್ದಾರೆ. ಹತ್ತು ವರ್ಷದ ಸಿಲಿಂಡರಿಗೆ ನಾನು ಕಿಟ್ ಹಾಕುವುದಿಲ್ಲ. ಒಳಗೋಡೆ ತುಕ್ಕು ತಿಂದಿದ್ದರೆ ಹೊಸ ರಬ್ಬರನ್ನೂ ಅದು ಹರಿಯುತ್ತದೆ. ಪೂರ್ತಿ ಸಿಲಿಂಡರ್ ಹೊಸದು ಹಾಕಿಸಿ. ಬಿಲ್ ಬಂದಾಗ ಯಜಮಾನರು ಮುಖ ಸಿಂಡರಿಸಿದರೆ, ಬೇಡದೆ ಹಾಕಿಸಿದ ಪ್ಯಾಡಿನ ಬಿಲ್ ಪಕ್ಕದಲ್ಲಿಡಿ.

ಪ್ರಶ್ನೆ: ರಾತ್ರಿ ಮಳೆ ಬಂದರೆ ಬೆಳಿಗ್ಗೆ ಬ್ರೇಕ್ ಹಾಕಿದಾಗ ಕರಕರ ಶಬ್ದ. ಆಫೀಸ್ ತಲುಪುವಷ್ಟರಲ್ಲಿ ಇರುವುದಿಲ್ಲ.
– ಓದುಗ, ನಂಜನಗೂಡು

ಉತ್ತರ: ಡಿಸ್ಕ್ ಮೇಲೆ ರಾತ್ರಿ ಕೂತ ತುಕ್ಕು. ನಾಲ್ಕೈದು ಸಲ ಒತ್ತಿದರೆ ಪ್ಯಾಡೇ ಉಜ್ಜಿ ತೆಗೆಯುತ್ತದೆ. ದುಡ್ಡು ಖರ್ಚು ಮಾಡಬೇಡಿ. ಸಂಜೆಯೂ ಕರಕರ ಇದ್ದರೆ ಮಾತ್ರ ಪ್ಯಾಡ್ ಮುಗಿದು ಕಬ್ಬಿಣ ಕಬ್ಬಿಣಕ್ಕೆ ತಾಗುತ್ತಿದೆ ಅಂತ ಅರ್ಥ. ಅದಕ್ಕೂ ಮುಂಚೆಯೇ ಎಷ್ಟೋ ಪ್ಯಾಡುಗಳು ಕುಂಯ್ ಅಂತ ಸಣ್ಣಗೆ ಕೂಗಿ ಹೇಳುತ್ತವೆ. ಅದಕ್ಕೆಂದೇ ಒಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. 3 ಮಿಲಿಮೀಟರಿಗೆ ಬಂದ ಪ್ಯಾಡನ್ನು ನಾನು ವಾಪಸ್ ಹಾಕುವುದಿಲ್ಲ.

ಪ್ರಶ್ನೆ: ಬ್ರೇಕ್ ಹಾಕಿದರೆ ಗಾಡಿ ಎಡಕ್ಕೆ ಎಳೀತದೆ. ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಎಡಗಡೆ ಮುಂದಿನ ಚಕ್ರ ಬಿಸಿ ಆಗ್ತದೆ. ತೋಟಕ್ಕೆ ನಾಲೆ ಏರಿ ಮೇಲೆ ದಿನಾ ಓಡಾಟ. ಗಾಡಿ ತೊಳೆಯೋದೂ ನಾಲೆ ನೀರಲ್ಲೇ.
– ರೈತ, ಪಾಂಡವಪುರ

ಉತ್ತರ: ಯಜಮಾನ್ರೇ, ಚಕ್ರ ಬಿಸಿ ಅಂತ ಬರೆದಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ನೀವೇ ಕೊಟ್ಟಿದ್ದೀರಿ. ಬ್ರೇಕ್ ಹಾಕಿದಾಗ ಮಾತ್ರ ಎಳೆಯುವುದಾದರೆ ಅಲೈನ್‌ಮೆಂಟಿಗೆ ದುಡ್ಡು ಕೊಟ್ಟಿದ್ದು ದಂಡ. ಎಡಗಡೆ ಬ್ರೇಕ್ ಹಿಡಿದಿದ್ದನ್ನು ಬಿಡುತ್ತಿಲ್ಲ.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆ ಕಡೆ ಈ ಕಡೆ ಜಾರಬೇಕು. ಪಿನ್ನಿಗೆ ಹಾಕಿರುವ ರಬ್ಬರ್ ಟೋಪಿ ಹರಿದರೆ ಒಳಗೆ ನೀರು, ಮಣ್ಣು. ಏರಿ ಮೇಲಿನ ಕೆಸರು ಒಣಗಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ, ಪಿನ್ ಜಾರುವುದಿಲ್ಲ. ಪಿನ್ ಬಿಚ್ಚಿಸಿ, ಉಜ್ಜಿಸಿ, ರಬ್ಬರ್ ಬದಲಿಸಿ. ಬ್ರೇಕಿಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿಸಿ. ಟ್ರ್ಯಾಕ್ಟರಿಗೆ ತಂದ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಪಿನ್ ಸರಿಯಿದ್ದೂ ಚಕ್ರ ಹಿಡಿದಿದ್ದರೆ ಮೇಸ್ತ್ರಿಗೆ ಒಂದು ಕೆಲಸ ಹೇಳಿ. ಗಾಡಿ ಜಾಕಿ ಮೇಲಿರುವಾಗ ಆ ಚಕ್ರದ ನಿಪ್ಪಲ್ ಸಡಿಲಿಸಲಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿದರೆ ಕ್ಯಾಲಿಪರಿನ ಪಿಸ್ಟನ್ ಸರಿಯಿದೆ, ಆಯಿಲ್ ತರುವ ರಬ್ಬರ್ ಹೋಸ್ ಒಳಗೆ ಊದಿ ಆಯಿಲ್ ವಾಪಸ್ ಬಿಡುತ್ತಿಲ್ಲ. ಆಗಲೂ ತಿರುಗದಿದ್ದರೆ ಪಿಸ್ಟನ್ನೇ ಜಾಮ್ ಆಗಿದೆ. ಬಿಸಿ ನೋಡಲು ಡಿಸ್ಕ್ ಮುಟ್ಟಬೇಡಿ, ಚರ್ಮ ಕಿತ್ತು ಬರುತ್ತದೆ. ರಿಮ್ ಹತ್ತಿರ ಅಂಗೈ ತಂದರೆ ಸಾಕು.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಕಡೆ ಈಗಲೂ ಹುರುಳಿ, ರಾಗಿ ರಸ್ತೆ ಮೇಲೆ ಹಾಕಿ ಗಾಡಿ ಹತ್ತಿಸಿ ಒಕ್ಕಣೆ ಮಾಡುತ್ತಾರೆ. ಆ ಸೊಪ್ಪು ಆಕ್ಸೆಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ದಾಟಿದ ಮೇಲೆ ಇಳಿದು ಒಂದು ಸಲ ಬಗ್ಗಿ ನೋಡಿ.

ಪ್ರಶ್ನೆ: ಎಕ್ಸ್‌ಪ್ರೆಸ್ ವೇಯಲ್ಲಿ 90ರಲ್ಲಿ ಬ್ರೇಕ್ ಹಾಕಿದರೆ ಸ್ಟೀರಿಂಗ್ ನಡುಗುತ್ತದೆ. ಊರೊಳಗೆ ಏನೂ ಇಲ್ಲ.
– ಓದುಗರು, ವಿಜಯನಗರ, ಮೈಸೂರು

ಉತ್ತರ: ಮುಂದಿನ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಇಲ್ಲ. ಲೇತ್‌ಗೆ ಕೊಟ್ಟು ಸವರಿಸಬಹುದು, ಆದರೆ ಎಷ್ಟು ತೆಳ್ಳಗಾಗಬಹುದು ಎಂಬುದಕ್ಕೆ ಮಿತಿ ಇದೆ. ಆ ಅಂಕಿ ಸಾಮಾನ್ಯವಾಗಿ ಡಿಸ್ಕ್ ಮೇಲೇ ಕೊರೆದಿರುತ್ತದೆ. ಅದಕ್ಕಿಂತ ಕೆಳಗೆ ಹೋಗುವುದಾದರೆ ಎರಡೂ ಕಡೆ ಹೊಸದು ಹಾಕಿಸಿ. ಕೂರಿಸುವ ಮುಂಚೆ, ಡಿಸ್ಕ್ ಕೂರುವ ಹಬ್‌ನ ತುಕ್ಕು ಉಜ್ಜಿಸಲು ಮರೆಯಬೇಡಿ. ಇಲ್ಲದಿದ್ದರೆ ಹೊಸ ಡಿಸ್ಕೂ ಸೊಟ್ಟಗೇ ಕೂರುತ್ತದೆ.

ಪ್ರಶ್ನೆ: ಚಾಮುಂಡಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ಇಂಜಿನ್ ಆಫ್ ಮಾಡಿದ್ದೆ. ಮೂರನೇ ತಿರುವಿಗೆ ಬ್ರೇಕ್ ಕಲ್ಲಿನಂತೆ ಗಟ್ಟಿ ಆಯಿತು. ಬೂಸ್ಟರ್ ಹೋಗಿದೆಯಾ ಸಾರ್?
– ವಿದ್ಯಾರ್ಥಿ, ಮೈಸೂರು

ಉತ್ತರ: ಬೂಸ್ಟರ್ ಹೋಗಿಲ್ಲ ತಮ್ಮಾ. ಪುಣ್ಯಕ್ಕೆ ನೀನೂ ಹೋಗಿಲ್ಲ. ಪೆಟ್ರೋಲ್ ಕಾರಿನಲ್ಲಿ ಇಂಜಿನ್ ಎಳೆಯುವ ಗಾಳಿಯ ಬಲದಿಂದಲೇ ಬೂಸ್ಟರ್ ನಿನ್ನ ಕಾಲಿಗೆ ಸಹಾಯ ಮಾಡುವುದು. ಇಂಜಿನ್ ನಿಲ್ಲಿಸಿದರೆ ಎರಡು ಮೂರು ಸಲ ಒತ್ತುವಷ್ಟು ಬಲ ಉಳಿದಿರುತ್ತದೆ. ಆಮೇಲೆ ನಿನ್ನ ತೊಡೆಯ ಬಲವೇ ಗತಿ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆದಿದ್ದರೆ ಸ್ಟೀರಿಂಗೂ ಲಾಕ್ ಆಗುತ್ತಿತ್ತು.

ಉಳಿದ ಪೆಟ್ರೋಲ್ ಎಷ್ಟು ಗೊತ್ತಾ? ಏನೂ ಇಲ್ಲ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಗಾಡಿಯೇ ಪೆಟ್ರೋಲ್ ನಿಲ್ಲಿಸುತ್ತದೆ. ಎರಡನೇ ಗೇರಿನಲ್ಲಿ ಇಳಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡ, ಒತ್ತು, ಬಿಡು. ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಊರು ನೋಡುತ್ತಾ ನಿಲ್ಲು. ಕಾದ ಡಿಸ್ಕ್ ಮೇಲೆ ಬಾಟಲಿ ನೀರು ಸುರಿಯಬೇಡ, ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ.

ಬೂಸ್ಟರ್ ಪರೀಕ್ಷೆ ಬೇಕೇ ಬೇಕು ಅಂದರೆ ಹೀಗೆ ಮಾಡು. ಇಂಜಿನ್ ಆಫ್ ಇರುವಾಗ ಪೆಡಲನ್ನು ಐದಾರು ಸಲ ಒತ್ತು. ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಸ್ಟಾರ್ಟ್ ಮಾಡು. ಪೆಡಲ್ ಒಂದಿಷ್ಟು ಕೆಳಗೆ ಹೋದರೆ ಬೂಸ್ಟರ್ ಆರೋಗ್ಯವಾಗಿದೆ.

ಪ್ರಶ್ನೆ: ಬ್ರೇಕ್ ಆಯಿಲ್ ಕಮ್ಮಿ ಇತ್ತು. ಮನೆಯಲ್ಲಿ ಉಳಿದಿದ್ದ ಇಂಜಿನ್ ಆಯಿಲ್ ಸ್ವಲ್ಪ ಹಾಕಿದೆ. ಎರಡು ದಿನ ಚೆನ್ನಾಗಿತ್ತು. ಈಗ ನಾಲ್ಕೂ ಚಕ್ರ ಬಿಗಿ.
– ಓದುಗರು, ಮದ್ದೂರು

ಉತ್ತರ: ಅಯ್ಯೋ. ಇಂಜಿನ್ ಆಯಿಲ್ ಬ್ರೇಕಿನ ರಬ್ಬರನ್ನು ನೆನೆಸಿದ ಕಡಲೆಯ ಹಾಗೆ ಊದಿಸುತ್ತದೆ. ಮಾಸ್ಟರ್ ಸಿಲಿಂಡರ್, ಹೋಸ್, ಕ್ಯಾಲಿಪರ್ ಸೀಲ್, ವೀಲ್ ಸಿಲಿಂಡರ್, ಆ ಡಬ್ಬಿಯ ಮುಚ್ಚಳದ ರಬ್ಬರ್ ಸಮೇತ ಎಲ್ಲ ಬದಲಿಸಬೇಕು, ಪೈಪು ತೊಳೆಯಬೇಕು. ಅಗ್ಗದ ದಾರಿ ಇಲ್ಲ. ಹಾಕಿದ ತಕ್ಷಣ ಪೆಡಲ್ ಒತ್ತದೆ ಫೋನ್ ಮಾಡಿದ್ದರೆ ಡಬ್ಬಿಯಿಂದಲೇ ಸಿರಿಂಜಿನಲ್ಲಿ ಎಳೆದು ಬಹಳಷ್ಟು ಉಳಿಸಬಹುದಿತ್ತು. ಈಗ ಗಾಡಿಯನ್ನು ಲಾರಿ ಮೇಲೆ ಹತ್ತಿಸಿ ಗ್ಯಾರೇಜಿಗೆ ಕಳಿಸಿ. ಪಕ್ಕದ ಮನೆಯವರ ಜೀಪಿಗೆ ಹಗ್ಗ ಕಟ್ಟಿ ಎಳೆಸಬೇಡಿ. ದಾರಿಯಲ್ಲಿ ಬ್ರೇಕ್ ಬಿಟ್ಟುಕೊಂಡರೆ ನಿಮ್ಮ ಗಾಡಿ ನಿಲ್ಲುವುದು ಆ ಜೀಪಿಗೆ ಗುದ್ದಿಯೇ.