ಎಂಜಿನ್ಎಕ್ಸ್ ವೆಬ್ ಸರ್ವರ್‌ನಲ್ಲಿ ಟೈಮ್‌ಔಟ್ (ಕಾಯುವ ಮಿತಿ) 300 ಸೆಕೆಂಡ್ ಕೊಟ್ಟಿದ್ದರೂ ರಿಕ್ವೆಸ್ಟ್ 30 ಸೆಕೆಂಡಿಗೇ ಏಕೆ ಕಟ್ ಆಗುತ್ತಿದೆ?

ಕಟ್ ಮಾಡುತ್ತಿರುವುದು ಎಂಜಿನ್ಎಕ್ಸ್ ಅಲ್ಲ, ಅದರ ಹಿಂದೆ ನಿಮ್ಮ ಪೈಥಾನ್ ಆ್ಯಪನ್ನು ನಡೆಸುತ್ತಿರುವ ಗನಿಕಾರ್ನ್. ಅದಕ್ಕೆ ತನ್ನದೇ ಟೈಮ್‌ಔಟ್ ಇದೆ. ನಾವಾಗಿ ಬದಲಿಸದಿದ್ದರೆ 30 ಸೆಕೆಂಡ್.

ಗನಿಕಾರ್ನ್‌ನ ಮುಖ್ಯ ಪ್ರೊಸೆಸ್ ತನ್ನ ವರ್ಕರ್‌ಗಳು, ಅಂದರೆ ರಿಕ್ವೆಸ್ಟ್‌ಗಳನ್ನು ನಿಭಾಯಿಸುವ ಪ್ರೊಸೆಸ್‌ಗಳು, ಜೀವಂತವಾಗಿವೆಯೇ ಎಂದು ಸದಾ ನೋಡುತ್ತಿರುತ್ತದೆ. ಸಾಮಾನ್ಯ ಸಿಂಕ್ ವರ್ಕರ್ ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ಹಿಡಿಯುತ್ತದೆ. ದೊಡ್ಡ ರಿಪೋರ್ಟ್ ತಯಾರಿಸುತ್ತಾ ಕೂತರೆ 'ನಾನಿದ್ದೇನೆ' ಎಂದು ಸುಳಿವು ಕೊಡಲೂ ಅದಕ್ಕೆ ಬಿಡುವಿಲ್ಲ. 30 ಸೆಕೆಂಡ್ ಸದ್ದಿಲ್ಲದಿದ್ದರೆ, ಅದು ಹ್ಯಾಂಗ್ ಆಗಿದೆ ಎಂದುಕೊಂಡು ಮುಖ್ಯ ಪ್ರೊಸೆಸ್ ಅದನ್ನು ಕೊಂದು ಹೊಸದನ್ನು ಎಬ್ಬಿಸುತ್ತದೆ.

ಬ್ರೌಸರ್‌ನಲ್ಲಿ ಬಂದ ಎರರ್ ನಂಬರ್ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತದೆ. 504 ಬಂದರೆ ಎಂಜಿನ್ಎಕ್ಸ್ ಕಾದು ಕಾದು ಕೈಬಿಟ್ಟಿದೆ. 502 ಬಂದರೆ ಹಿಂದಿನ ಪ್ರೊಸೆಸ್ಸೇ ನಡುವೆ ಸತ್ತಿರುವ ಸಾಧ್ಯತೆ ಹೆಚ್ಚು. ಆಗ ಗನಿಕಾರ್ನ್ ಲಾಗ್‌ನಲ್ಲಿ 'ವರ್ಕರ್ ಟೈಮ್‌ಔಟ್' ಎಂಬ ಸಾಲು ಹುಡುಕಿ.

ಗನಿಕಾರ್ನ್ ಶುರುಮಾಡುವ ಕಮಾಂಡ್‌ನಲ್ಲಿ ಟೈಮ್‌ಔಟ್ 120 ಎಂದು ಕೊಟ್ಟು ರೀಸ್ಟಾರ್ಟ್ ಮಾಡಿದರೆ ಸದ್ಯಕ್ಕೆ ನಿಭಾಯಿಸಬಹುದು. ಆದರೆ ಅಷ್ಟು ಹೊತ್ತು ಒಂದು ವರ್ಕರ್ ಒಬ್ಬರಿಗೇ ಮೀಸಲಾಗಿ, ಉಳಿದವರು ಕಾಯಬೇಕಾಗುತ್ತದೆ. ಹಾಗಾಗಿ ರಿಪೋರ್ಟಿನಂಥ ಕೆಲಸವನ್ನು ಸೆಲರಿಯಂಥ ಬ್ಯಾಕ್‌ಗ್ರೌಂಡ್ ಕ್ಯೂಗೆ ಹಾಕಿ, ಮುಗಿದ ಮೇಲೆ ಲಿಂಕ್ ಕೊಡುವುದನ್ನೇ ನಾನು ಹೇಳುತ್ತೇನೆ.