ಪಿಯು ಸೈನ್ಸ್‌ನಲ್ಲಿ ಕ್ಯಾಲ್ಕುಲಸ್ ತಲೆಗೆ ಹತ್ತುತ್ತಿಲ್ಲ, ಆರ್ಟ್ಸ್‌ಗೆ ಹೋಗಲಾ?

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪಿಯು ಸೈನ್ಸ್, ಲಿಮಿಟ್ಸ್ ಶುರುವಾದಾಗಿನಿಂದ ಏನೂ ತಿಳಿಯುತ್ತಿಲ್ಲ, ಸೈನ್ಸ್ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬಿಡಬೇಡಿ. ನಾನೂ ಬಾಗಲಕೋಟೆಯಲ್ಲಿ ಹೀಗೇ ಓದಿದವನು. ಆ ಪಾಠದ ಮೊದಲ ಟೆಸ್ಟ್‌ನಲ್ಲಿ ನನಗೆ ಬಂದದ್ದು 25ಕ್ಕೆ 4.

ಆ ನಾಲ್ಕರ ಕಥೆ ಕೇಳಿ. ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ ಅನ್ನು, ಅಂದರೆ ಅದು ಬದಲಾಗುವ ವೇಗವನ್ನು, ಫಸ್ಟ್ ಪ್ರಿನ್ಸಿಪಲ್‌ನಿಂದ ಕಂಡುಹಿಡಿಯಬೇಕಿತ್ತು. ಅಂದರೆ ಎಕ್ಸ್‌ಗೆ ಎಚ್ ಅನ್ನೋ ಸಣ್ಣ ಮೊತ್ತ ಕೂಡಿಸಿ, ಬಂದ ಬದಲಾವಣೆಯನ್ನು ಎಚ್‌ನಿಂದ ಭಾಗಿಸಿ, ಎಚ್ ಅನ್ನು ಸೊನ್ನೆಯ ಹತ್ತಿರ ಒಯ್ಯಬೇಕು. ಎಕ್ಸ್ ಪ್ಲಸ್ ಎಚ್ ಹೋಲ್ ಸ್ಕ್ವೇರ್ ಅನ್ನು ನಾನು ಎಕ್ಸ್ ಸ್ಕ್ವೇರ್ ಪ್ಲಸ್ ಎಚ್ ಸ್ಕ್ವೇರ್ ಅಂತ ಬಿಡಿಸಿದೆ. ನಡುವಿನ 2 ಎಕ್ಸ್ ಎಚ್ ಮಾಯ. ಎಕ್ಸ್ ಸ್ಕ್ವೇರ್ ಕಳೆದು ಎಚ್‌ನಿಂದ ಭಾಗಿಸಿದರೆ ಉಳಿದದ್ದು ಬರೀ ಎಚ್. ಅದನ್ನು ಸೊನ್ನೆಗೆ ಒಯ್ದೆ, ಉತ್ತರವೂ ಸೊನ್ನೆ! ಬರಬೇಕಾದದ್ದು 2 ಎಕ್ಸ್. ನೋಡಿ, ಲಿಮಿಟ್ ತೆಗೆದುಕೊಂಡದ್ದು ಸರಿಯಾಗೇ ಇತ್ತು. ಕೈಕೊಟ್ಟದ್ದು ಹೈಸ್ಕೂಲಿನ ಬೀಜಗಣಿತ.

ಇನ್ನು ಡೆರಿವೇಟಿವ್ ಅಂದರೇನು ಅನ್ನೋದು ನನಗೆ ತಿಳಿದದ್ದು ಕ್ಲಾಸಿನಲ್ಲಲ್ಲ, ಮನೆಯಲ್ಲಿ. ನಮ್ಮದು ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ನವನಗರಕ್ಕೆ ಬಂದ ಮನೆತನ. ಮಳೆಗಾಲದಲ್ಲಿ ಕಾಕಾ ಪೇಪರಿನಲ್ಲಿ ಮೊದಲು ಹುಡುಕುವುದೇ ಡ್ಯಾಮಿನ ಲೆಕ್ಕ. ಒಂದು ದಿನ, "ಒಳಹರಿವು ಒಂದ ಲಕ್ಷ ಕ್ಯೂಸೆಕ್ ಐತಿ. ಹೊರಗ ಬಿಡದಿದ್ರ ನಾಳಿಗೆ ಎಷ್ಟ ಟಿಎಂಸಿ ಏರತೈತಿ, ಹೇಳ ನೋಡೂನು" ಅಂದರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೆಕ್ಕ ಹಾಕಿದರೆ 8.64 ಟಿಎಂಸಿ.

ಟಿಎಂಸಿ ನೀರು ಎಷ್ಟಿದೆ ಅನ್ನುವ ಲೆಕ್ಕ. ಕ್ಯೂಸೆಕ್ ಅದು ಎಷ್ಟು ಬೇಗ ಬದಲಾಗುತ್ತಿದೆ ಅನ್ನುವ ಲೆಕ್ಕ, ಅಂದರೆ ಡೆರಿವೇಟಿವ್. ಒಳಹರಿವು ಗಂಟೆಗೊಂದು ಥರ ಇದ್ದರೆ ಒಂದೇ ಗುಣಾಕಾರ ಸಾಲದು. ಹೊತ್ತನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲಿ ಬಂದ ನೀರನ್ನು ಕೂಡಿಸುತ್ತಾ ಹೋಗಬೇಕು. ಅದೇ ಇಂಟಿಗ್ರೇಷನ್. ಏರುತ್ತಿದ್ದ ನೀರು ಇಳಿಯಲು ತಿರುಗುವ ಹೊತ್ತಿಗೆ ಒಳಹರಿವು, ಹೊರಹರಿವು ಸಮ ಇರುತ್ತವೆ, ಡೆರಿವೇಟಿವ್ ಸೊನ್ನೆ. ಮ್ಯಾಕ್ಸಿಮಾ (ಅತಿ ಹೆಚ್ಚಿನ ಬೆಲೆ ಹುಡುಕುವ) ಲೆಕ್ಕದಲ್ಲಿ ಯಾಕೆ ಸೊನ್ನೆಗೆ ಸಮ ಮಾಡುತ್ತಾರೆ ಅನ್ನೋದು ನನಗೆ ಹೊಳೆದದ್ದು ಅವತ್ತೇ. (ಕಾಕಾ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು.)

ಇಂಗ್ಲಿಷ್ ಬಗ್ಗೆ ಜಾಸ್ತಿ ಹೆದರಬೇಡಿ. ಅವಕಲನ (ಡೆರಿವೇಟಿವ್ ತೆಗೆಯುವುದು), ಅನುಕಲನ (ಇಂಟಿಗ್ರೇಷನ್) ಅನ್ನೋ ಕನ್ನಡ ಪದಗಳೂ ನನಗೆ ಅಷ್ಟೇ ಹೊಸವಾಗಿದ್ದವು. 'ಟೆಂಡ್ಸ್ ಟು' ಅಂದರೆ ಹತ್ತಿರ ಹತ್ತಿರ ಹೋಗುವುದು, ಮುಟ್ಟಲೇಬೇಕು ಅಂತಿಲ್ಲ. ಇಂಥ ಇಪ್ಪತ್ತು ಮೂವತ್ತು ಮಾತು ರೂಢಿಯಾದರೆ ಸಾಕು.

ಹದಿನೈದು ದಿನ ದಿನಕ್ಕೊಂದು ತಾಸು ಹಳೆಯದನ್ನು ಮಾಡಿ. ಅಪವರ್ತನ, ಭಿನ್ನರಾಶಿ, ಘಾತಾಂಕ, ಸೈನ್ ಕಾಸ್ ಸೂತ್ರಗಳು. ಸುಮ್ನೆ ಓದಬೇಡಿ, ಬರೆಯಿರಿ. ಮುಂದೆ ಚೈನ್ ರೂಲ್ ಕಾಡುತ್ತದೆ, ಅಂದರೆ ಒಂದು ಫಂಕ್ಷನ್ ಒಳಗೆ ಇನ್ನೊಂದು ಇದ್ದಾಗ ಒಳಗಿನದರ ಡೆರಿವೇಟಿವ್‌ನಿಂದಲೂ ಗುಣಿಸುವ ನಿಯಮ. ಸೈನ್ 3 ಎಕ್ಸ್‌ನ ಡೆರಿವೇಟಿವ್ ಕಾಸ್ 3 ಎಕ್ಸ್ ಅಂತ ಬರೆದು, ಮುಂದಿನ 3 ಬಿಟ್ಟು ನಾನು ಒಂದು ತಿಂಗಳು ಮಾರ್ಕ್ಸ್ ಕಳೆದುಕೊಂಡಿದ್ದೇನೆ.

ಇವತ್ತೇ ಕಳೆದ ಟೆಸ್ಟ್ ಪೇಪರ್ ಹೊರತೆಗೆಯಿರಿ. ತಪ್ಪಾದ ಪ್ರತಿ ಲೆಕ್ಕದಲ್ಲೂ ಮೊದಲು ತಪ್ಪಿದ ಸಾಲಿಗೆ ಪೆನ್ಸಿಲ್ ಗೆರೆ ಹಾಕಿ. ಎಷ್ಟು ಗೆರೆ ಹೈಸ್ಕೂಲಿನವು, ಎಷ್ಟು ಕ್ಯಾಲ್ಕುಲಸ್‌ನವು ಅಂತ ಎಣಿಸಿ ಇಲ್ಲೇ ತಿಳಿಸಿ. ಆರ್ಟ್ಸ್ ವಿಚಾರ ಆಮೇಲೆ ಮಾತಾಡೋಣ.