ಹೊಸ ಪಿಸಿಪಿಗೆ 68 ಸಾವಿರ ಜಾಸ್ತಿಯೋ ಕಡಿಮೆಯೋ? ಮೊದಲು ಗಾಳಿಯ ಲೆಕ್ಕ ಹಾಕ್ರಿ

ನಮ್ಮ ಶೂಟಿಂಗ್ ಗುಂಪಿನ ಈ ಚರ್ಚೆಯಲ್ಲಿ ಎರಡು ಪಕ್ಷ ಆಗಿವೆ ನೋಡ್ರಿ. ಹೊಸದಾಗಿ ಬಂದ ದೇಶಿ 10 ಮೀಟರ್ ಪಿಸಿಪಿ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿಟ್ಟ ಗಾಳಿಯಿಂದ ಗುಂಡು ಹಾರಿಸುವ) ಏರ್ ರೈಫಲ್‌ಗೆ 68 ಸಾವಿರ ಅಂದಕೂಡಲೇ ಸಿರುಗುಪ್ಪದ ಸರ್ ‘12 ಸಾವಿರಕ್ಕೆ ಸ್ಪ್ರಿಂಗ್ ರೈಫಲ್ ಸಿಗೋವಾಗ ಇದು ಹಗಲು ದರೋಡೆ’ ಅಂದರು. ಗಂಗಾವತಿಯವರು ‘ಫಾರಿನ್ ಮಾಲಿನ ಮುಂದೆ ಇದು ಪುಕ್ಕಟೆ, ಕಣ್ಣು ಮುಚ್ಚಿ ತಗೊಳ್ರಿ’ ಅಂತಾರೆ. ಇಬ್ಬರೂ ರೈಫಲ್ಲಿನ ಬೆಲೆಯನ್ನಷ್ಟೇ ನೋಡ್ತಿದ್ದಾರೆ. ನಮ್ಮ ಊರುಗಳಲ್ಲಿ ಪಿಸಿಪಿ ದುಬಾರಿ ಆಗೋದು ಗಾಳಿಯಿಂದ.

ಸ್ಪ್ರಿಂಗ್ ತಳ್ಳುವ ಪಿಸ್ಟನ್‌ನಿಂದ ಗಾಳಿ ಒತ್ತುವ ಸ್ಪ್ರಿಂಗ್ ರೈಫಲ್ ಜೊತೆಗಿನ ಹೋಲಿಕೆ ಮೊದಲು ಮುಗಿಸೋಣ. 0.53 ಗ್ರಾಂ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ 10 ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 16 ಮಿ.ಮೀ. ಇಳಿಯುತ್ತದೆ. ವೇಗ 170ಕ್ಕೆ ಬಿದ್ದರೆ ಇನ್ನೊಂದು ಮಿ.ಮೀ. ಕೆಳಗೆ, 160ಕ್ಕೆ ಬಿದ್ದರೆ 3 ಮಿ.ಮೀ. ಕೆಳಗೆ. ಟಾರ್ಗೆಟ್ಟಿನಲ್ಲಿ ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ಅಂತರ. ಅಂದರೆ ಒಂದು ಮಿ.ಮೀ. ತಪ್ಪಿದರೆ 0.4 ಅಂಕ ಹೋಯಿತು, 3 ಮಿ.ಮೀ. ತಪ್ಪಿದರೆ ಒಂದು ರಿಂಗ್ ದಾಟಿತು. ಪಿಸಿಪಿಯಲ್ಲಿ ಪ್ರತಿ ಗುಂಡಿಗೂ ಒಂದೇ ಒತ್ತಡದ ಗಾಳಿ ಕೊಟ್ಟು ವೇಗ ಕಾಯುವ ರೆಗ್ಯುಲೇಟರ್‌ಗೆ ಕೊಡುವ ದುಡ್ಡು ಈ ಒಂದು ರಿಂಗಿಗೆ. ಅದರ ಮೇಲೆ ಸ್ಪ್ರಿಂಗ್ ರೈಫಲ್ಲಿನಲ್ಲಿ ಪೆಲೆಟ್ ನಳಿಗೆ ಬಿಡುವ ಮೊದಲೇ ಪಿಸ್ಟನ್ ಹೊಡೆತ ಕೈಯನ್ನು ಅಲ್ಲಾಡಿಸಿರುತ್ತದೆ. ಹಿಡಿತ ಕಲಿಯೋಕೆ ಅದು ಒಳ್ಳೆಯದೇ, ಸ್ಪರ್ಧೆಗೆ ಅಲ್ಲ.

ಆದರೆ ರೆಗ್ಯುಲೇಟರ್ ಇದೆ ಅಂತ ಡಬ್ಬಿ ಮೇಲೆ ಬರೆದರೆ ಸಾಲದು. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು 20 ಗುಂಡು ಹಾರಿಸಿ ತೋರಿಸಿ ಅನ್ನಿ. ಗರಿಷ್ಠ, ಕನಿಷ್ಠ ವೇಗದ ನಡುವಿನ ಅಂತರ ಸೆಕೆಂಡಿಗೆ 5 ಮೀಟರ್ ಮೀರಬಾರದು. ಆಮೇಲೆ ಹತ್ತು ನಿಮಿಷ ಸುಮ್ಮನಿಟ್ಟು ಮತ್ತೊಂದು ಹಾರಿಸಿ. ಆ ಮೊದಲ ಗುಂಡು ಮಾತ್ರ ಜೋರಾಗಿ ಹೋದರೆ ರೆಗ್ಯುಲೇಟರ್ ಸೀಟಿನಲ್ಲಿ (ಅದರ ಕವಾಟ ಕೂರುವ ಜಾಗ) ಗಾಳಿ ಸೋರಿ ಒಳಗಿನ ಒತ್ತಡ ಏರುತ್ತಿದೆ ಅಂತ ಅರ್ಥ. ಹೊಸ ಮಾಲಿನಲ್ಲೇ ಹೀಗಿದ್ದರೆ ವಾಪಸ್ ಕೊಡಿ. ನಳಿಗೆ ನೋಡಲು ರೈಫಲ್ ಅಲ್ಲಾಡದಂತೆ ಬಿಗಿದು ಐದು ಗುಂಡಿನ ಗುಂಪು ಹಾಕಿಸಿ. ಹೊರ ಅಂಚಿನಿಂದ ಹೊರ ಅಂಚಿಗೆ 6 ಮಿ.ಮೀ. ಒಳಗಿದ್ದರೆ ಉತ್ತಮ. 8 ದಾಟಿದರೆ 4.49 ಮತ್ತು 4.50 ಮಿ.ಮೀ. ತಲೆಯ ಪೆಲೆಟ್ ಬದಲಿಸಿ ನೋಡಿ, ಆಗಲೂ ಗುಂಪು ಕೂಡದಿದ್ದರೆ ನಳಿಗೆಯದೇ ದೋಷ.

ರೈಫಲ್ ಸಿಲಿಂಡರ್ ಮೇಲಿನ ತಾರೀಕು ಓದದೆ ದುಡ್ಡು ಎಣಿಸಬೇಡಿ. ಮ್ಯಾಚ್ ರೈಫಲ್ ಸಿಲಿಂಡರ್‌ಗೆ ತಯಾರಕರು ಸಾಮಾನ್ಯವಾಗಿ 10 ವರ್ಷ ಆಯಸ್ಸು ಕೊಡ್ತಾರೆ, ಅದು ತಯಾರಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಗೋದಾಮಿನಲ್ಲಿ 2 ವರ್ಷ ಕೂತಿದ್ದರೆ ಐದನೇ ಒಂದು ಪಾಲು ಆಗಲೇ ಮುಗಿದಿದೆ. ಚೌಕಾಸಿ ಮಾಡೋದು ಅಲ್ಲಿ. 68ರಲ್ಲಿ ಡಯಾಪ್ಟರ್ ಸೈಟ್ (ಸಣ್ಣ ತೂತಿನಲ್ಲಿ ನೋಡಿ ಗುರಿ ಹಿಡಿಯುವ ಸಾಧನ) ಸೇರಿದೆಯಾ ಅಂತಲೂ ಕೇಳಿ, ಎಷ್ಟೋ ಸಲ ಅದಕ್ಕೆ ಬೇರೆ ಬಿಲ್ ಹಾಕ್ತಾರೆ.

ಈಗ ಗಾಳಿ. ರೈಫಲ್ಲಿನ 0.2 ಲೀಟರ್ ಸಿಲಿಂಡರನ್ನು 70 ಬಾರ್‌ನಿಂದ (ಬಾರ್ ಅಂದರೆ ಒತ್ತಡದ ಅಳತೆ) 200ಕ್ಕೆ ಏರಿಸಲು ಹೊರಗಿನ ಸಾಮಾನ್ಯ ಗಾಳಿ 26 ಲೀಟರ್ ಬೇಕು. ಅದರಲ್ಲಿ 150ರಿಂದ 250 ಗುಂಡು ಬರಬಹುದು. ಪಂಕ್ಚರ್ ಅಂಗಡಿ ಕಂಪ್ರೆಸರ್ 8–10 ಬಾರ್‌ದು, ಅದರ ಮಾತೇ ಬೇಡ. ಹ್ಯಾಂಡ್ ಪಂಪ್ ಆದರೆ 130–150 ಸಲ ಒತ್ತಬೇಕು. ಒಂದೇ ಉಸಿರಿಗೆ ಒತ್ತಿದರೆ ಪಂಪಿನ ಸೀಲ್ ಸುಟ್ಟುಹೋಗುತ್ತದೆ. 50ಕ್ಕೊಮ್ಮೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಬಿಚ್ಚಿ ನೀರಾವಿ ಬಿಟ್ಟು, ಹತ್ತು ನಿಮಿಷ ತಣಿಸಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ, ಒಳಗೆ ಹೋದ ತೇವವೇ ಸಿಲಿಂಡರಿಗೆ ತುಕ್ಕು ಹಿಡಿಸೋದು.

ವಾರಕ್ಕೆ ಮೂರು ದಿನ 60 ಗುಂಡಿನಂತೆ ಹಾರಿಸುವವರಿಗೆ ರೈಫಲ್ಲಿಗೆ ಗಾಳಿ ತುಂಬಿಕೊಳ್ಳಲು ಬೇರೆ 10 ಲೀಟರ್ ದೊಡ್ಡ ಸಿಲಿಂಡರ್ ಸರಿ. 200 ಬಾರ್ ತುಂಬಿದ್ದು 20ಕ್ಕೂ ಹೆಚ್ಚು ಫಿಲ್ ಕೊಟ್ಟ ಮೇಲೆ 150ಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ರೈಫಲ್ಲೂ 150 ದಾಟಲ್ಲ, ಗುಂಡಿನ ಲೆಕ್ಕ ಶೇ. 60ಕ್ಕೆ ಬೀಳುತ್ತದೆ. ಹೈಡ್ರೋ ಟೆಸ್ಟ್ (ನೀರಿನ ಒತ್ತಡದಲ್ಲಿ ಸಿಲಿಂಡರಿನ ಪರೀಕ್ಷೆ) ಮುದ್ರೆ 5 ವರ್ಷದೊಳಗಿನದಿರಲಿ. ತುಂಬಿಸೋದು ಉಸಿರಾಟದ ಸೆಟ್‌ಗಳಿಗೆ ಬ್ರೀದಿಂಗ್ ಏರ್ ತುಂಬುವವರ ಹತ್ತಿರ ಮಾತ್ರ. ತೋರಣಗಲ್ಲು ಕಡೆ ವೆಲ್ಡಿಂಗ್ ಆಕ್ಸಿಜನ್ ಕೈಗೆ ಸಿಗ್ತದೆ ಅಂತ ಒಬ್ಬರು ಮೇಲೆ ಬರೆದಿದ್ದಾರಲ್ಲ, ದಯವಿಟ್ಟು ಆ ಸಾಲು ಅಳಿಸಿಬಿಡಿ. ಹೆಚ್ಚಿನ ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಗ್ರೀಸ್ ಸಾಕು, ರೈಫಲ್ ಮುಖದ ಮುಂದೇ ಸಿಡಿಯುತ್ತದೆ. ಅದೇ ಕಾರಣಕ್ಕೆ ಓ-ರಿಂಗಿಗೆ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಸಿಲಿಕೋನ್ ಗ್ರೀಸ್ ಬಿಟ್ಟು ಬೇರೆ ಎಣ್ಣೆ ಮುಟ್ಟಿಸಬೇಡಿ.

ನಮ್ಮ ಬಿಸಿಲೂ ಲೆಕ್ಕಕ್ಕಿದೆ. 27 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದನ್ನು ಮುಚ್ಚಿದ ಕಾರಿನಲ್ಲಿಟ್ಟು ಅದು 65 ಡಿಗ್ರಿ ಕಾದರೆ ಒತ್ತಡ 225. ಏಪ್ರಿಲ್–ಮೇನಲ್ಲಿ 180ಕ್ಕೇ ನಿಲ್ಲಿಸಿ, ಕಾರಲ್ಲಿ ಬಿಡಲೇಬೇಡಿ. ಸಂಡೂರು ಕಡೆಯವರಿಗೆ ಅದಿರಿನ ಕೆಂಪು ಧೂಳು ಬೇರೆ. ಫಿಲ್ ಪೋರ್ಟಿನ (ಗಾಳಿ ತುಂಬುವ ಬಾಯಿ) ಮುಚ್ಚಳ ಹಾಕದಿದ್ದರೆ ಒಂದು ಕಣ ಸಾಕು ಓ-ರಿಂಗ್ ಗೀರಲು. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ 10 ಬಾರ್ ಇಳಿದಿದ್ದರೆ ಪೋರ್ಟು, ಗೇಜು, ಸಿಲಿಂಡರ್ ಕುತ್ತಿಗೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ರಿಂಗ್ ಬದಲಿಸುವ ಮುನ್ನ ಗಾಳಿ ಪೂರ್ತಿ ಖಾಲಿ ಮಾಡಿ. ಓ-ರಿಂಗ್ ಸೆಟ್ ಎರಡು ಕೊಂಡಿಟ್ಟಿರಿ, ಅದು ಕೊರಿಯರ್‌ನಲ್ಲಿ ಬರುವಷ್ಟರಲ್ಲಿ ಸ್ಪರ್ಧೆ ಮುಗಿದಿರುತ್ತೆ.

ಪೆಲೆಟ್: ಮೇಲಿನ ಅಭ್ಯಾಸಕ್ಕೆ ವರ್ಷಕ್ಕೆ 9,360 ಗುಂಡು, 500ರ ಡಬ್ಬಿ 19. ಡಬ್ಬಿಗೆ ಸಾವಿರ ಅಂತ ಹಿಡಿದರೂ 19 ಸಾವಿರ. ಮೂರೂವರೆ ವರ್ಷಕ್ಕೆ ರೈಫಲ್ಲಿನಷ್ಟೇ ಆಯಿತು.

ಲೈಸೆನ್ಸ್ ಬಗ್ಗೆ ಕೇಳಿದ್ದೀರಿ. 4.5 ಮಿ.ಮೀ. ಬೋರ್ (ನಳಿಗೆಯ ಒಳ ಅಗಲ), ಗುಂಡು ಹೊರಡುವಾಗಿನ ಶಕ್ತಿ 20 ಜೂಲ್ ಮೀರದಿದ್ದರೆ ಬೇಡ. ಈ ರೈಫಲ್ 8 ಜೂಲ್ ಆಸುಪಾಸು. 5.5 ಮಿ.ಮೀ. ಆದರೆ ಬೇಕು. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 275 ಮೀಟರ್ ವೇಗ ದಾಟಿದರೂ 20 ಜೂಲ್ ಮೀರಿತು, ಹಾಗಾಗಿ ಸ್ಪ್ರಿಂಗ್ ಡಬ್ಬಿಯ ಮೇಲಿನ ‘1000 ಅಡಿ’ (ಸೆಕೆಂಡಿಗೆ, ಅಂದರೆ ಸುಮಾರು 305 ಮೀಟರ್) ಜಾಹೀರಾತು ನೋಡಿ ಹಿಗ್ಗಬೇಡಿ. ಸಿಂಧನೂರಿನವರು ಭತ್ತದ ಗದ್ದೆಗೆ ಬರುವ ನವಿಲು ಓಡಿಸಲು ಕೇಳಿದ್ದಾರೆ: ಹೊಡೆದರೆ ವನ್ಯಜೀವಿ ಕಾಯ್ದೆ ಕೇಸು, ಅದಕ್ಕೆ ಈ ರೈಫಲ್ ಬೇಡ.

ಗಾಳಿ ತುಂಬಿಸುವ ಜಾಗ ಹತ್ತಿರದಲ್ಲಿ ಖಾತ್ರಿ ಇದ್ದವರು, ಸಿಲಿಂಡರ್ ತಾರೀಕು ಹೊಸದಿದ್ದರೆ, 68ಕ್ಕೆ ತಗೊಳ್ರಿ. ಇಲ್ಲದವರು ಇಬ್ಬರು ಮೂವರು ಸೇರಿ ದೊಡ್ಡ ಸಿಲಿಂಡರ್ ಮೊದಲು ಮಾಡಿಕೊಂಡು ಆಮೇಲೆ ಅಂಗಡಿಗೆ ಹೋಗ್ರಿ.